ಗೋಕಾಕ ಸೀಮೆಯ ಚರ್ಮವಾದ್ಯಗಳೂ ಗಣಕಯಂತ್ರದ ಛಾಯಾವಾದ್ಯಗಳೂ

೧. ಪೀಠಿಕೆ

ಒಂದು ನಾಡಿನ ಇತಿಹಾಸವನ್ನು ಬರೆಯಲು ಕುಳಿತವರು ಅಲ್ಲಿಯ ಶಾಸನಗಳನ್ನು ಓದುವರು, ಕೋಟೆ-ಗುಡಿಗಳನ್ನು ಅಳೆಯುವರು, ಅರಸರ ಹೆಸರುಗಳನ್ನು ಕಾಲಾನುಕ್ರಮದಿಂದ ಜೋಡಿಸುವರು. ಆದರೆ ಆ ನಾಡಿನಲ್ಲಿ ಕೇಳಿಬರುತ್ತಿದ್ದ ನಾದವನ್ನು ಲೆಕ್ಕಕ್ಕೆ ಹಿಡಿದವರು ವಿರಳ. ಕಲ್ಲು ಬಹುಕಾಲ ನಿಲ್ಲುವದು. ನಾದವಾದರೋ ಹುಟ್ಟಿದ ಗಳಿಗೆಯಲ್ಲಿಯೇ ಅಳಿದುಹೋಗುವದು. ಹೀಗಿದ್ದರೂ ಘಟಪ್ರಭೆಯ ಎಡಬಲಗಳಲ್ಲಿ ಹಬ್ಬಿದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಜನಜೀವನವನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದೇ ಇದೆ. ಮದುವೆಯ ಮೆರವಣಿಗೆ, ದೇವರ ಪಲ್ಲಕ್ಕಿ, ಬಯಲಾಟದ ಅಟ್ಟ, ಮಣ್ಣಿಗೆ ಒಯ್ಯುವ ಕೊನೆಯ ಯಾತ್ರೆ, ಇವುಗಳಲ್ಲಿ ಯಾವದೊಂದೂ ಚರ್ಮವಾದ್ಯದ ಹೊರತಾಗಿ ನಡೆಯುತ್ತಿದ್ದಿಲ್ಲ. ವಾದ್ಯದ ಸಪ್ಪಳವನ್ನು ಕೇಳಿಯೇ ದೂರದ ಹೊಲದಲ್ಲಿದ್ದವನು ಊರಲ್ಲಿ ನಡೆದುದು ಹಬ್ಬವೋ ಹೆಣವೋ ಎಂದು ಅರಿಯುತ್ತಿದ್ದನು.

ಈ ಕಾಲದಲ್ಲಿ ಒಂದು ಹೊಸ ಪ್ರಸಂಗವು ಒದಗಿದೆ. ಮನೆಯ ಒಂದು ಕೋಣೆಯಲ್ಲಿ ಗಣಕಯಂತ್ರ, ಒಂದು ಮೈಕು, ಒಂದು ಹೆಡ್‌ಫೋನು ಇಷ್ಟಿದ್ದರೆ ಸಾಕು, ಹಾಡನ್ನು ಮುದ್ರಿಸಿ ಲೋಕಕ್ಕೆಲ್ಲ ಕೇಳಿಸಬಹುದು. ಹಾಡುವವನ ಕಂಠ ಮಾತ್ರ ನಿಜವಾದುದು. ಹಿಂದೆ ಕೇಳುವ ತಬಲಾ, ಢೋಲಕ, ತಾಳಗಳೆಲ್ಲ ಯಂತ್ರದೊಳಗಿಂದ ಬರುವವು. ಆಂಗ್ಲರು ವರ್ಚುವಲ್ ಇನ್‌ಸ್ಟ್ರುಮೆಂಟ್ ಎಂದು ಕರೆಯುವ ಈ ವಸ್ತುವಿಗೆ ನಾವು ಈ ಲೇಖದ ಮಟ್ಟಿಗೆ 'ಛಾಯಾವಾದ್ಯ'ವೆಂದು ಹೆಸರಿಡೋಣ. ನೆರಳು ವಸ್ತುವನ್ನು ಬಿಟ್ಟು ಹುಟ್ಟಲಾರದು; ಆದರೆ ವಸ್ತುವಿನ ತೂಕವೂ ಅದಕ್ಕಿಲ್ಲ. ನಮ್ಮ ಸೀಮೆಯ ವಾದ್ಯಗಳ ಪರಂಪರೆ ಎಂಥದು, ಅವುಗಳ ನಾದವನ್ನು ಹಿಡಿದಿಡಲು ಇಂದಿನವರೆಗೆ ನಡೆದ ಯತ್ನಗಳಲ್ಲಿ ಅವು ಎಷ್ಟರಮಟ್ಟಿಗೆ ಸೇರಿದವು, ಇನ್ನು ಮುಂದೆ ಏನಾಗಬೇಕು ಎಂಬುದನ್ನು ವಾಚಕರ ಮುಂದಿಡುವದೇ ಈ ಲೇಖದ ಉದ್ದೇಶವು.

೨. ವಾದ್ಯಗಳ ಪರಂಪರೆ

ನಮ್ಮ ಹಿರಿಯರು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನವೆಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಚರ್ಮವನ್ನು ಬಿಗಿದು ನುಡಿಸುವವೆಲ್ಲ ಅವನದ್ಧಗಳು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಾದ್ಯವಿನೋದಕ್ಕೆ ಪ್ರತ್ಯೇಕ ಪ್ರಕರಣವಿದೆ. ಮುಂದಿನ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸನಾದ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರವನ್ನು ಬರೆದನು. ಅದರ ವಾದ್ಯಾಧ್ಯಾಯದಲ್ಲಿ ಪಟಹ, ಹುಡುಕ್ಕಾ ಮೊದಲಾದವುಗಳ ಸಂಗಡ 'ಕರಟಾ' ಎಂಬ ವಾದ್ಯವೂ ಬಂದಿದೆ. ನಮ್ಮ ಸೀಮೆಯ ಕರಡಿಯ ಹೆಸರನ್ನೂ ಹಳಗನ್ನಡದ ಕರಡೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಿದವರಿಗೆ ಈ ಮೂರಕ್ಕೂ ಇರುವ ನಂಟು ಹೊಳೆಯದೆ ಇರದು. ಇನ್ನೂ ಲಕ್ಷಿಸತಕ್ಕ ಮಾತೆಂದರೆ, ಆ ಗ್ರಂಥಕಾರನು ವಾದ್ಯದ ಅಳತೆಯನ್ನು ಹೇಳಿ ಬಿಟ್ಟುಬಿಡಲಿಲ್ಲ. ಕೈಯ ಯಾವ ಭಾಗದಿಂದ ಹೇಗೆ ಹೊಡೆದರೆ ಯಾವ ಅಕ್ಷರ ಹುಟ್ಟುವದೆಂಬ ಪಾಟಗಳನ್ನೂ ಹೇಳಿದನು. ಹೊಡೆತಹೊಡೆತವನ್ನೂ ಬೇರ್ಪಡಿಸಿ ಹೆಸರಿಟ್ಟು ಜೋಡಿಸಿಡುವ ಇಂದಿನ ಯಂತ್ರದವರ ಕ್ರಮಕ್ಕೆ ನಮ್ಮಲ್ಲಿ ಇಷ್ಟು ಹಳೆಯ ದೃಷ್ಟಾಂತವಿದೆ.

ತರುವಾಯ ಈ ಭಾಗವು ವಿಜಾಪುರದ ಆದಿಲಶಾಹಿಗಳ ಕೈಸೇರಿತು. ಹುಕ್ಕೇರಿಯ ಗುಮ್ಮಟಗಳು ಆ ಕಾಲದ ಸಾಕ್ಷಿಗಳಾಗಿ ಇನ್ನೂ ನಿಂತಿವೆ. ೧೫೮೦ರಿಂದ ೧೬೨೭ರ ವರೆಗೆ ಆಳಿದ ಎರಡನೆಯ ಇಬ್ರಾಹಿಮ ಆದಿಲಶಹನು ಸ್ವತಃ ಸಂಗೀತಪ್ರಿಯನಾಗಿದ್ದು ಕಿತಾಬ್-ಏ-ನವರಸವೆಂಬ ಗೀತಗಳ ಗ್ರಂಥವನ್ನು ರಚಿಸಿದನು. ಅರಮನೆಯ ಬಾಗಿಲಲ್ಲಿ ಹೊತ್ತುಹೊತ್ತಿಗೆ ಬಾರಿಸುವ ನೌಬತ್ತಿನ ನಗಾರಿಯೂ ಅದರ ಜೊತೆಗಿನ ಸನಾದಿಯೂ ನಮ್ಮ ದೇವಾಲಯಗಳ ಬಾಗಿಲಿಗೂ ಬಂದು ನೆಲೆನಿಂತವು. ಹೀಗೆ ಹಳೆಯ ಅವನದ್ಧಗಳೂ ಹೊಸದಾಗಿ ಬಂದವೂ ಬೆರೆತು ಈ ಸೀಮೆಯ ವಾದ್ಯಸಂಸಾರ ಬೆಳೆಯಿತು.

ಈ ಸಂಸಾರದ ಮುಖ್ಯ ಮಂದಿಯನ್ನು ಎಣಿಸೋಣ. ಮೆರವಣಿಗೆಗೆ ಕರಡಿಮಜಲು: ಕರಡಿ, ದಿಮ್ಮು, ತಾಳ, ಸನಾದಿಗಳ ಮೇಳ. ಬೀರಪ್ಪನ ಭಕ್ತರಾದ ಹಾಲುಮತದವರಿಗೆ ಡೊಳ್ಳು. ಅದರ ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಅಂಗೈ. ಅಂಬಾಭವಾನಿಯ ಗೊಂದಲಿಗರಿಗೆ ಸಂಬಾಳ. ನಡುವಿಗೆ ಕಟ್ಟಿದ ಎರಡು ಪುಟ್ಟ ನಗಾರಿಗಳಂಥ ಈ ಜೋಡಿಯನ್ನು ಕಡ್ಡಿಗಳಿಂದ ನುಡಿಸುವರು, ಅವುಗಳಲ್ಲಿ ಒಂದರ ತುದಿ ಬಾಗಿರುವದು. ಸವದತ್ತಿಯ ಎಲ್ಲಮ್ಮನ ಜೋಗತಿಯರಿಗೆ ಚೌಡಿಕೆ; ಅದರ ತೊಗಲಿನ ನಟ್ಟನಡುವೆ ಪೋಣಿಸಿದ ತಂತಿಯನ್ನು ಮೀಟುತ್ತ, ಬಾಗಿದ ಕೊಂಬನ್ನು ಅದುಮಿ ಬಿಗಿಯನ್ನು ಹೆಚ್ಚುಕಡಿಮೆ ಮಾಡಿದರೆ ನಾದವು ಮೇಲೆ ಕೆಳಗೆ ಜೀಕುವದು. ಗೀಗೀ ಪದಕ್ಕೆ ದಪ್ಪು, ತುಂತುಣಿ. ಹಬ್ಬಕ್ಕೂ ಸಾವಿಗೂ ಹಲಗಿ. ಬೆಂಕಿಯ ಮುಂದೆ ಕಾಸದೆ ಅದು ಮಾತಾಡುವದಿಲ್ಲ. ಇನ್ನು ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿದ ಕುಲಗೋಡವು ಶ್ರೀಕೃಷ್ಣ ಪಾರಿಜಾತದ ತವರು. ಅಪರಾಳ ತಮ್ಮಣ್ಣನ ಕೃತಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕುಲಗೋಡ ತಮ್ಮಣ್ಣನು ಆಟಕ್ಕೆ ಅಳವಡಿಸಿದನು; ಮುಂದೆ ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಅದಕ್ಕೆ ಕೀರ್ತಿ ತಂದರು. ಪಾರಿಜಾತದ ಪದಗಳಿಗೆ ಪೇಟಿ, ತಬಲಾ, ತಾಳಗಳೇ ಆಧಾರ.

೩. ಬರಹಕ್ಕೆ ಸಿಕ್ಕದ ನಾದ

ಇಂಥ ಸಂಪತ್ತನ್ನು ಉಳಿಸಿಕೊಳ್ಳಬೇಕೆಂಬ ಎಚ್ಚರವು ಕನ್ನಡಿಗರಲ್ಲಿ ಮೂಡದೆ ಇರಲಿಲ್ಲ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಗರತಿಯ ಹಾಡನ್ನು ಪ್ರಕಟಿಸಿದರು. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ೧೯೦೦ರಲ್ಲಿ ಜನಿಸಿ, ಆನಂದಕಂದರೆಂದು ಹೆಸರಾಗಿ, ಜಯಂತಿ ಮಾಸಪತ್ರಿಕೆಯನ್ನು ನಡೆಸಿದ ಬೆಟಗೇರಿ ಕೃಷ್ಣಶರ್ಮರು ಹಳ್ಳಿಯ ಹಾಡುಗಳಿಗಾಗಿ ಜೀವಮಾನವೆಲ್ಲ ದುಡಿದರು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ೧೯೩೭ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಈ ಸೀಮೆಯ ಲಯವನ್ನು ಜೋಕುಮಾರಸ್ವಾಮಿಯಂಥ ನಾಟಕಗಳಲ್ಲಿ ತಂದು ನಾಡಿಗೆಲ್ಲ ಪರಿಚಯಿಸಿದರು. ಇವರೆಲ್ಲರ ಋಣವು ದೊಡ್ಡದು. ಆದರೆ ಅಚ್ಚಿನ ಮೊಳೆಗೆ ಒಂದು ಮಿತಿಯಿದೆ: ಅದು ಹಾಡಿನ ಮಾತನ್ನು ಹಿಡಿಯುವದು, ಮಟ್ಟನ್ನು ಅರೆಬರೆಯಾಗಿ ಸೂಚಿಸುವದು, ಡೊಳ್ಳಿನ ಪೆಟ್ಟನ್ನು ಎಷ್ಟುಮಾತ್ರಕ್ಕೂ ಹಿಡಿಯಲಾರದು. ಗ್ರಂಥದಲ್ಲಿ ಹಾಡು ಉಳಿಯಿತು. ಹಾಡಿನ ಬೆನ್ನಿಗೆ ನಿಂತ ವಾದ್ಯವು ಗ್ರಂಥದ ಹೊರಗೇ ಉಳಿಯಿತು.

ಹಾಗಾದರೆ ಧ್ವನಿಮುದ್ರಣಯಂತ್ರವು ಆ ಕೆಲಸವನ್ನು ಮಾಡಿತೇ? ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬವನು ೧೯೦೨ರಲ್ಲಿ ಕಲಕತ್ತೆಗೆ ಬಂದು ಗೌಹರ್ ಜಾನಳ ಹಾಡನ್ನು ಮುದ್ರಿಸಿದನು. ಆಗ ವಿದ್ಯುತ್ತಿನ ಮೈಕು ಇನ್ನೂ ಇದ್ದಿಲ್ಲ. ಒಂದು ದೊಡ್ಡ ಕಹಳೆಯ ಬಾಯಿಗೆ ಹಾಡುಗಾರರು ಮುಖವೊಡ್ಡಿ ಹಾಡಬೇಕು. ಆ ನಾದದ ಬಲದಿಂದಲೇ ಸೂಜಿಯು ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕು. ದೊಡ್ಡ ವಾದ್ಯದ ಒಂದು ಪೆಟ್ಟು ಬಿದ್ದರೆ ಸೂಜಿ ಗೆರೆಯಿಂದ ಹಾರುವ ಭಯ. ಆದುದರಿಂದ ಚರ್ಮವಾದ್ಯದವರನ್ನು ಕಹಳೆಯಿಂದ ದೂರ ಕೂಡಿಸುತ್ತಿದ್ದರು, ಮೆಲ್ಲಗೆ ನುಡಿಸಹೇಳುತ್ತಿದ್ದರು. ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷಗಳ ಅವಧಿ. ಬಯಲಿನಲ್ಲಿ ಇರುಳೆಲ್ಲ ಗುಡುಗುವ ವಾದ್ಯಕ್ಕೆ ಆ ಯಂತ್ರದಲ್ಲಿ ಎಡೆಯಿರಲಿಲ್ಲ. ೧೯೨೫ರ ಸುಮಾರಿಗೆ ವಿದ್ಯುತ್ ಮೈಕು ಬಂದು ಕೆಳದನಿಗಳು ತಟ್ಟೆಗೆ ಇಳಿಯಹತ್ತಿದವು. ನಮ್ಮ ಭಾಗದ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬೀಳಗಿಯ ಅಮೀರಬಾಯಿ ಕರ್ನಾಟಕಿ ಮೊದಲಾದವರ ಕಂಠಗಳು ತಟ್ಟೆಗಳಲ್ಲಿ ಉಳಿದವು. ಅವರ ಬೆನ್ನಿಗೆ ತಬಲೆಯೂ ಉಳಿಯಿತು. ಪೇಟೆಯಲ್ಲಿ ಬೆಲೆ ಬರುವದನ್ನೇ ಕಂಪನಿಗಳು ಮುದ್ರಿಸಿದವು. ಕರಡಿಗೂ ಚೌಡಿಕೆಗೂ ಆ ಬೆಲೆ ಬರಲಿಲ್ಲ.

೧೯೫೦ರಲ್ಲಿ ಧಾರವಾಡದಲ್ಲಿ ಆಕಾಶವಾಣಿಯ ನಿಲಯವು ಸುರುವಾದಾಗ ಹಳ್ಳಿಯ ಕಲಾವಿದರಿಗೆ ಒಂದು ಬಾಗಿಲು ತೆರೆಯಿತು. ಮುಂದೆ ಫಿಲಿಪ್ಸ್ ಕಂಪನಿಯು ೧೯೬೩ರಲ್ಲಿ ಹೊರತಂದ ಕ್ಯಾಸೆಟ್ಟು ಎಂಬತ್ತರ ದಶಕಕ್ಕೆ ನಮ್ಮ ಸಂತೆಗಳಿಗೂ ಬಂದಿತು. ಡೊಳ್ಳಿನ ಪದ, ಗೀಗೀ ಪದ, ಭಜನೆಗಳ ಕ್ಯಾಸೆಟ್ಟುಗಳು ಮನೆಮನೆ ಸೇರಿದವು. ವಿದ್ಯುತ್ತು ಹಳ್ಳಿಗೆ ಬಂದುದೂ ಈ ಕಥೆಯ ಒಂದು ಭಾಗವೇ ಸರಿ. ೧೮೮೭ರಲ್ಲಿ ಗೋಕಾಕ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿಯು ತಿರುಗಹತ್ತಿದ ಈ ಸೀಮೆಯಲ್ಲಿ, ೧೯೬೯ರಲ್ಲಿ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಸ್ಥಾಪನೆಯಾಗಿ ದೀಪವನ್ನು ಹಳ್ಳಿಗಳಿಗೆ ಒಯ್ದಿತು. ಮನೆಯಲ್ಲಿ ಧ್ವನಿಮುದ್ರಣವೆಂಬುದು ಅಂದು ಹಾಕಿದ ತಂತಿಯ ಮೇಲೆಯೇ ಇಂದು ನಡೆದಿದೆ.

೪. ಬೆಂಗಳೂರಿನಲ್ಲಿ ನಡೆದ ಒಂದು ಶೋಧ

ನಾದವನ್ನು ಪುನಃ ಸೃಷ್ಟಿಸುವ ಮೊದಲು ಅದು ಹೇಗೆ ಹುಟ್ಟುವದೆಂಬುದನ್ನು ತಿಳಿಯಬೇಕು. ಈ ವಿಷಯದಲ್ಲಿ ಜಗತ್ತಿಗೆ ದಾರಿ ತೋರಿದ ಕೆಲಸವು ಭಾರತದಲ್ಲಿಯೇ ನಡೆಯಿತೆಂಬುದು ಅಭಿಮಾನದ ಸಂಗತಿ. ಸರ್ ಚಂದ್ರಶೇಖರ ವೆಂಕಟರಾಮನ್ನರು ಶಿವಕಾಳಿ ಕುಮಾರರೊಡನೆ ೧೯೨೦ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಟಿಪ್ಪಣಿಯನ್ನು ಪ್ರಕಟಿಸಿದರು. ೧೯೩೩ರಲ್ಲಿ ಬೆಂಗಳೂರಿಗೆ ಬಂದು, ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದರ ನಡವಳಿಗಳಲ್ಲಿಯೇ ಭಾರತೀಯ ಚರ್ಮವಾದ್ಯಗಳನ್ನು ಕುರಿತು ವಿಸ್ತಾರವಾಗಿ ಬರೆದರು.

ಅವರು ಕಂಡುದನ್ನು ಸಂಕ್ಷೇಪವಾಗಿ ಹೇಳಬಹುದು. ಸಾದಾ ತೊಗಲನ್ನು ದುಂಡಗೆ ಬಿಗಿದು ಹೊಡೆದರೆ ಅದು ಏಕಕಾಲದಲ್ಲಿ ಅನೇಕ ಬಗೆಯಾಗಿ ಕಂಪಿಸುವದು. ಮೂಲ ಕಂಪನವನ್ನು ೧ ಎಂದು ಹಿಡಿದರೆ ಉಳಿದವು ೧.೫೯, ೨.೧೪, ೨.೩೦ ಹೀಗೆ ಒಂದಕ್ಕೊಂದು ಹೊಂದದ ಲೆಕ್ಕದಲ್ಲಿ ಏಳುವವು. ಆದುದರಿಂದಲೇ ಹಲಗಿಯ ಸದ್ದಿಗೆ ಬಲವುಂಟು, ಸ್ಪಷ್ಟವಾದ ಸ್ವರವಿಲ್ಲ. ತಬಲಾ ಮೃದಂಗಗಳಲ್ಲಿಯಾದರೋ ನಡುವೆ ಕರಿಯ ಶಾಯಿಯನ್ನು ಪದರುಪದರಾಗಿ ಮೆತ್ತಿ ತೊಗಲಿನ ಭಾರವನ್ನು ಹೆಚ್ಚಿಸುವದರಿಂದ ಆ ಕಂಪನಗಳು ೧, ೨, ೩, ೪, ೫ ಎಂಬ ಸಮಶ್ರೇಣಿಗೆ ಬರುವವು. ಒಂಬತ್ತು ಬಗೆಯ ಕಂಪನಗಳು ಕೂಡಿ ಐದು ಸ್ವರಾಂಶಗಳಾಗಿ ನಿಲ್ಲುವವು. ಗಣಿತವನ್ನು ಓದದ ಕುಶಲಕರ್ಮಿಯು ಬರಿಯ ಕಿವಿಯ ಬಲದಿಂದ ಸಾಧಿಸಿದ ಸಿದ್ಧಿಯಿದು. ಶಾಯಿಯಿಲ್ಲದ ವಾದ್ಯವನ್ನು ತಬಲೆಯ ನಾದದಿಂದ ಅನುಕರಿಸಹೋದರೆ ಏಕೆ ಸುಳ್ಳೆನಿಸುವದೆಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ: ಎರಡರ ಅಂತರಂಗದ ಲೆಕ್ಕವೇ ಬೇರೆ.

೫. ಯಂತ್ರವು ತಾಳ ಹಿಡಿದ ಬಗೆ

ಯಂತ್ರದಿಂದ ತಾಳ ನುಡಿಸುವ ಯತ್ನವು ೧೯೩೧ರ ಸುಮಾರಿಗೇ ಅಮೇರಿಕೆಯಲ್ಲಿ ನಡೆಯಿತು. ಹೆನ್ರಿ ಕೊವೆಲ್ ಎಂಬ ಸಂಗೀತಗಾರನ ಅಪೇಕ್ಷೆಯಂತೆ ರಶಿಯಾದ ತೆರೆಮಿನ್ ಎಂಬ ಶೋಧಕನು ರಿದಮಿಕಾನ್ ಎಂಬ ಯಂತ್ರವನ್ನು ಕಟ್ಟಿದನು. ೧೯೫೯ರಲ್ಲಿ ವುರ್ಲಿಟ್ಜರ್ ಕಂಪನಿಯ ಸೈಡ್‌ಮ್ಯಾನ್ ಪೇಟೆಗೆ ಬಂದಿತು. ಇವೆಲ್ಲ ವಿದ್ಯುತ್ತಿನಿಂದಲೇ ಸಪ್ಪಳವನ್ನು ಹುಟ್ಟಿಸುವ ಯಂತ್ರಗಳು. ಜಪಾನದ ರೋಲಂಡ್ ಕಂಪನಿಯು ೧೯೮೦ರಲ್ಲಿ ಹೊರತಂದ ಟಿಆರ್-೮೦೮ ಕೂಡ ಇದೇ ಜಾತಿಯದು. ಅದೇ ವರ್ಷ ರೋಜರ್ ಲಿನ್ ಎಂಬವನು ರಚಿಸಿದ ಎಲ್‌ಎಂ-೧ ಬೇರೆ ದಾರಿಯನ್ನು ಹಿಡಿಯಿತು. ನಿಜವಾದ ವಾದ್ಯದ ಒಂದೊಂದು ಹೊಡೆತವನ್ನೂ ಅಂಕೆಗಳ ರೂಪದಲ್ಲಿ ಮುದ್ರಿಸಿಟ್ಟುಕೊಂಡು, ಬೇಕಾದಾಗ ಗುಂಡಿಯನ್ನೊತ್ತಿ ಹೊರಗೆ ತರುವದೇ ಆ ದಾರಿ. ಸ್ಯಾಂಪಲ್ ಎಂದು ಕರೆಯುವ ಈ ನಾದದ ತುಣುಕೇ ಇಂದಿನ ಛಾಯಾವಾದ್ಯದ ಬೀಜವು.

೧೯೮೩ರಲ್ಲಿ ಮಿಡಿ ಎಂಬ ಸಂಕೇತಪದ್ಧತಿಯು ಬಂದು ಬೇರೆಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡಹತ್ತಿದವು. ಮಿಡಿಯು ನಾದವನ್ನು ಒಯ್ಯುವದಿಲ್ಲ. ಯಾವ ಹೊಡೆತ, ಯಾವ ಗಳಿಗೆಗೆ, ಎಷ್ಟು ಬಲದಿಂದ ಎಂಬ ಅಪ್ಪಣೆಯನ್ನಷ್ಟೇ ಒಯ್ಯುವದು. ಬಲವನ್ನು ಸೊನ್ನೆಯಿಂದ ೧೨೭ರ ವರೆಗಿನ ಅಂಕೆಗಳಲ್ಲಿ ಹೇಳುವರು. ಮುಂದೆ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿಯು ೧೯೯೬ರಲ್ಲಿ ವಿಎಸ್‌ಟಿ ಎಂಬ ಏರ್ಪಾಟನ್ನು ಸಾರಿ, ೧೯೯೯ರಲ್ಲಿ ವಾದ್ಯಗಳಿಗೂ ಅದನ್ನು ವಿಸ್ತರಿಸಿದ ಮೇಲೆ ವಾದ್ಯಕ್ಕೆ ಪ್ರತ್ಯೇಕ ಪೆಟ್ಟಿಗೆಯೇ ಬೇಡವಾಯಿತು. ಗಣಕಯಂತ್ರದೊಳಗೇ ಅದು ನೆಲೆಸಿತು.

ಕರ್ನಾಟಕವು ಈ ಕೆಲಸದಲ್ಲಿ ಹಿಂದೆ ಬಿದ್ದಿರಲಿಲ್ಲ. ಇಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜನಾರಾಯಣರು ಬೆಂಗಳೂರಿನಲ್ಲಿ ನಡೆಸಿದ ರೇಡೆಲ್ ಸಂಸ್ಥೆಯ ವಿದ್ಯುತ್ ತಂಬೂರಿಯೂ ತಾಲಮಾಲಾ ಎಂಬ ವಿದ್ಯುತ್ ತಬಲೆಯೂ ಕಳೆದ ಶತಮಾನದ ಕೊನೆಯ ದಶಕಗಳಲ್ಲಿಯೇ ಸಂಗೀತ ಕಲಿಯುವವರ ಮನೆಗಳನ್ನು ಸೇರಿದವು. ತಬಲಜಿ ದೊರೆಯದ ಊರಿನಲ್ಲಿ ವಿದ್ಯಾರ್ಥಿಗೆ ತೀನತಾಳವನ್ನು ದಣಿವಿಲ್ಲದೆ ಹಿಡಿದುಕೊಟ್ಟ ಉಪಕಾರವು ಅಲ್ಪವಲ್ಲ. ಇತ್ತ ಹಳ್ಳಿಯ ರಸಮಂಜರಿಗಳಲ್ಲಿ ರೋಲಂಡಿನವರು ೧೯೮೫ರಲ್ಲಿ ತಂದ ಆಕ್ಟೋಪ್ಯಾಡು ಎಂಬ ಎಂಟು ಚೌಕಗಳ ಹಲಗೆಯ ಸಂತತಿಯು ನಾಲ್ಕಾರು ವಾದಕರ ಎಡೆಯನ್ನು ತಾನೊಂದೇ ಆಕ್ರಮಿಸಿತು. ಅದರ ಮುಂದಿನ ಮೆಟ್ಟಿಲೇ ಮನೆಯ ಕೋಣೆ.

೬. ಛಾಯಾವಾದ್ಯದ ರಚನೆಯೂ ಅದರ ಕೊರತೆಗಳೂ

ಒಳ್ಳೆಯ ಛಾಯಾವಾದ್ಯವನ್ನು ಕಟ್ಟುವದು ಸುಲಭದ ಕೆಲಸವಲ್ಲ. ಒಂದು ಹೊಡೆತವನ್ನು ಮೆಲ್ಲನೆಯದರಿಂದ ಜೋರಿನವರೆಗೆ ಹಲವು ಬಲಗಳಲ್ಲಿ ಮುದ್ರಿಸಬೇಕು. ಏಕೆಂದರೆ ಜೋರಾದ ಹೊಡೆತವೆಂಬುದು ಮೆಲ್ಲನೆಯ ಹೊಡೆತದ ದೊಡ್ಡ ರೂಪವಲ್ಲ, ಅದರ ಬಣ್ಣವೇ ಬೇರೆ. ಒಂದೊಂದು ಬಲದಲ್ಲಿಯೂ ಅದೇ ಹೊಡೆತವನ್ನು ನಾಲ್ಕಾರು ಸಲ ಮುದ್ರಿಸಬೇಕು. ಒಂದೇ ತುಣುಕು ಮೇಲಿಂದ ಮೇಲೆ ಬಂದರೆ ಕಿವಿಯು ತತ್‌ಕ್ಷಣ ಮೋಸವನ್ನು ಹಿಡಿಯುವದು. ಒಂದು ಹೊಡೆತದ ಗುಂಜಾರವವು ಪೂರ್ತಿ ಆರುವವರೆಗೂ ಕಾಯಬೇಕು. ಇಷ್ಟನ್ನೂ ಬಲ, ಎಡ, ಅಂಚು, ನಡು ಎಂದು ತೊಗಲಿನ ಒಂದೊಂದು ಸ್ಥಾನಕ್ಕೂ ಮಾಡಬೇಕು.

ತಬಲೆಯ ಎಡಗೈಯ ಡಗ್ಗಾದಲ್ಲಿ ಮಣಿಕಟ್ಟನ್ನು ಒತ್ತಿ ಜಾರಿಸಿದಾಗ ಹುಟ್ಟುವ ಮೀಂಡನ್ನು ಯಂತ್ರದವರು ಸ್ವರವನ್ನು ಬಗ್ಗಿಸುವ ಚಕ್ರದಿಂದ ಅನುಕರಿಸುವರು. ಚೌಡಿಕೆಗೂ ಇದೇ ಉಪಾಯ ಸಲ್ಲುವದು. ಆದರೆ ಮೀಟಿದ ಮೇಲೆ ಎಷ್ಟು ಹೊತ್ತಿಗೆ ಕೊಂಬನ್ನು ಅದುಮಬೇಕು, ಎಷ್ಟು ಬೇಗ ಬಿಡಬೇಕು ಎಂಬುದು ಹಾಡಿನ ಮಾತನ್ನು ಅವಲಂಬಿಸಿದೆ. ಚೌಡಿಕೆಯು ತಾಳ ಹಾಕುವ ವಾದ್ಯವಷ್ಟೇ ಆಗಿರದೆ ಹಾಡಿಗೆ ಹೂಂಗುಡುವ ವಾದ್ಯವೂ ಆಗಿದೆ. ಹಾಡನ್ನು ಅರಿಯದವನು ಚಕ್ರವನ್ನು ತಿರುವಿದರೆ ಬರುವದು ಬರಿಯ ಜೀಕು. ಹಲಗಿಯ ತೊಂದರೆ ಬೇರೆ ತೆರನಾದುದು. ಕಾಸಿದ ಹಲಗಿಯ ನಾದವು ಚುರುಕಾಗಿ ಮೇಲಿರುವದು. ಇಬ್ಬನಿ ಬೀಳುತ್ತ ಬಂದಂತೆ ಇಳಿಯುವದು. ಮತ್ತೆ ಬೆಂಕಿಗೆ ಹಿಡಿದರೆ ಏರುವದು. ಇರುಳಿನುದ್ದಕ್ಕೂ ಏರಿಳಿಯುವ ಈ ನಾದವನ್ನು ಯಾವದೋ ಒಂದು ಗಳಿಗೆಯಲ್ಲಿ ಹಿಡಿದ ತುಣುಕು ಹೇಗೆ ಪ್ರತಿನಿಧಿಸೀತು? ಕಾಸಿದ ಮೇಲೊಮ್ಮೆ, ಇಳಿದ ಮೇಲೊಮ್ಮೆ ಮುದ್ರಿಸಿ ಎರಡನ್ನೂ ಇಟ್ಟುಕೊಂಡವನೇ ನಿಜದ ಸಮೀಪಕ್ಕೆ ಬಂದಾನು.

ಮೇಳದ ಮಾತು ಇನ್ನೂ ಸೂಕ್ಷ್ಮವಾದುದು. ಒಂದು ಡೊಳ್ಳನ್ನು ಮುದ್ರಿಸಿ ಅದನ್ನೇ ಹತ್ತು ಸಲ ಒಂದರ ಮೇಲೊಂದು ಇಟ್ಟರೆ ಹತ್ತು ಡೊಳ್ಳುಗಳಾಗುವದಿಲ್ಲ. ಒಂದೇ ಡೊಳ್ಳು ಗಟ್ಟಿಯಾಗಿ ಕೇಳುವದು. ಹತ್ತು ಜನ ಬಾರಿಸುವಾಗ ಒಬ್ಬನ ಪೆಟ್ಟು ಕೂದಲೆಳೆಯಷ್ಟು ಮುಂದು, ಇನ್ನೊಬ್ಬನದು ಅಷ್ಟೇ ಹಿಂದು. ಒಬ್ಬನ ತೊಗಲು ಬಿಗಿ, ಇನ್ನೊಬ್ಬನದು ಸಡಿಲು. ಈ ಸಣ್ಣ ಭೇದಗಳಿಂದಲೇ ಮೇಳಕ್ಕೆ ಮೈ ಬರುವದು. ಗಣಕಯಂತ್ರವು ಸ್ವಭಾವತಃ ಪ್ರತಿ ಪೆಟ್ಟನ್ನೂ ಗೆರೆಯ ಮೇಲೆ ಕೂಡಿಸುವದು. ಬಲ್ಲವನು ಅದನ್ನು ಬೇಕೆಂದೇ ಗೆರೆಯಿಂದ ಸರಿಸಬೇಕಾಗುವದು. ಹಾಗೆಯೇ ಕೋಣೆಯ ಗೋಡೆಗಳ ನಡುವೆ ಹತ್ತಿರದ ಮೈಕಿನಿಂದ ಹಿಡಿದ ಸದ್ದಿಗೆ ಗುಡಿಯ ಮುಂದಿನ ಬಯಲಿನ ವಿಸ್ತಾರವು ಇರುವದಿಲ್ಲ. ಅದನ್ನು ಪ್ರತಿಧ್ವನಿಯ ಉಪಕರಣಗಳಿಂದ ಆಮೇಲೆ ತುಂಬುವರು.

ಈ ಕೊರತೆಗಳನ್ನೆಲ್ಲ ಶ್ರಮದಿಂದ ನಿವಾರಿಸಬಹುದು. ಶ್ರಮದಿಂದಲೂ ನಿವಾರಣೆಯಾಗದ ಒಂದು ಕೊರತೆಯುಂಟು. ಪೇಟೆಯಲ್ಲಿ ದೊರೆಯುವ ಛಾಯಾವಾದ್ಯಗಳಲ್ಲಿ ತಬಲಾ, ಮೃದಂಗ, ಢೋಲಕ, ಪಂಜಾಬದ ಢೋಲು ಸುಲಭವಾಗಿ ಸಿಕ್ಕುವವು. ಕರಡಿ, ಚೌಡಿಕೆ, ದಿಮ್ಮುಗಳನ್ನು ಹುಡುಕಿದವರು ಬರಿಗೈಯಿಂದ ಮರಳುವದೇ ಹೆಚ್ಚು. ಹೀಗಾಗಿ ನಮ್ಮ ತರುಣರು ಕನ್ನಡದ ಜಾನಪದ ಹಾಡಿಗೆ ಸಿಕ್ಕಿದ ವಾದ್ಯವನ್ನೇ ಜೋಡಿಸುವರು. ಮಾತು ಮೂಡಲಗಿಯದು, ಪೆಟ್ಟು ಐದು ನದಿಗಳ ನಾಡಿನದು! ಇದರಲ್ಲಿ ಪಾಪವೇನೂ ಇಲ್ಲ. ನಗಾರಿಯೂ ತಬಲೆಯೂ ಹೊರಗಿಂದ ಬಂದೇ ನಮ್ಮವಾದವು. ಆದರೆ ಅಂದು ಬಂದುದು ಇದ್ದುದರ ಜೊತೆಗೆ ಬೆರೆಯಿತು. ಇಂದು ಬರುತ್ತಿರುವದು ಇದ್ದುದರ ಜಾಗವನ್ನೇ ಹಿಡಿಯುತ್ತಿದೆ. ಇಂದಿನ ಮಗು ತನ್ನ ಊರಿನ ವಾದ್ಯವೆಂದು ಕೇಳಿ ಬೆಳೆಯುವದು ಆ ಪರದೇಶಿ ನಾದವನ್ನೇ.

೭. ವಾದ್ಯ, ವಾದಕ, ಗೌರವ

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಹಳೆಯ ವಾದ್ಯಗಳು ಹೋದರೆ ಹೋಗಲಿ, ಅವುಗಳ ಸಂಗಡ ಬಂದ ದುಃಖವೂ ಹೋಗುವದಲ್ಲವೇ ಎಂದು ಕೇಳುವವರುಂಟು. ಈ ಮಾತನ್ನು ತಳ್ಳಿಹಾಕುವದು ನ್ಯಾಯವಲ್ಲ. ಹಲಗಿಯನ್ನು ಬಾರಿಸುವದು ಒಂದು ಕಾಲಕ್ಕೆ ಕೆಲವು ಜಾತಿಗಳ ಮೇಲೆ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಹಬ್ಬದಲ್ಲಿ ವಾದ್ಯವು ಮುಂದೆ, ವಾದಕನು ದೂರ ಎಂಬ ಸ್ಥಿತಿಯಿತ್ತು. ಸ್ವಾಭಿಮಾನವುಳ್ಳ ಅನೇಕ ಮನೆತನಗಳು ಹಲಗಿಯನ್ನು ಕೆಳಗಿಟ್ಟು ಮಕ್ಕಳನ್ನು ಸಾಲೆಗೆ ಕಳಿಸಿದವು. ಅವರನ್ನು ದೂಷಿಸುವ ಅಧಿಕಾರ ಯಾರಿಗೂ ಇಲ್ಲ. ಚೌಡಿಕೆಯೂ ಹೀಗೆಯೇ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ದುಷ್ಟ ರೂಢಿಯನ್ನು ತಡೆಯಲು ಮುಂಬಯಿ ಆಧಿಪತ್ಯದಲ್ಲಿ ೧೯೩೪ರಲ್ಲಿಯೂ ಕರ್ನಾಟಕದಲ್ಲಿ ೧೯೮೨ರಲ್ಲಿಯೂ ಕಾಯದೆಗಳಾದವು. ಆ ರೂಢಿಯು ನಿರ್ಮೂಲವಾಗಲೇಬೇಕು. ಆದರೆ ರೂಢಿಯೊಡನೆ ನಾದವೂ ಸಾಯಬೇಕೆಂಬ ಕಟ್ಟೇನೂ ಇಲ್ಲ. ಜೋಗತಿ ಪರಂಪರೆಯ ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದೂ, ಅವರಿಗೆ ೨೦೨೧ರಲ್ಲಿ ಪದ್ಮಶ್ರೀ ದೊರೆತುದೂ, ೨೦೨೫ರಲ್ಲಿ ಬಾಗಲಕೋಟೆಯ ಗೊಂದಲಿ ಹಾಡುಗಾರರಾದ ವೆಂಕಪ್ಪ ಅಂಬಾಜಿ ಸುಗತೇಕರರಿಗೆ ಅದೇ ಮನ್ನಣೆ ಬಂದುದೂ, ಕಲೆಯನ್ನು ಅವಮಾನದಿಂದ ಬಿಡಿಸಿ ಗೌರವದ ಪೀಠದಲ್ಲಿ ಕೂಡಿಸಬಹುದೆಂಬುದಕ್ಕೆ ನಿದರ್ಶನಗಳು.

ಛಾಯಾವಾದ್ಯವು ಈ ಬಿಡುಗಡೆಗೆ ನೆರವಾಗಬಲ್ಲದು, ಅನ್ಯಾಯಕ್ಕೂ ನೆರವಾಗಬಲ್ಲದು. ಹಲಗಿಯ ನಾದವು ಜಾತಿಯ ಕಟ್ಟಿನಿಂದ ಹೊರಗೆ ಬಂದು ಯಾವ ಮನೆಯ ಹುಡುಗಿಯ ಬೆರಳಿಗಾದರೂ ಸಿಕ್ಕಬಹುದೆಂಬುದು ಅದರ ಒಳಿತು. ಒಬ್ಬ ವಾದಕನು ಒಂದು ದಿನದ ಕೂಲಿಗಾಗಿ ತನ್ನ ನೂರಾರು ಹೊಡೆತಗಳನ್ನು ಕೊಟ್ಟು, ಆ ಹೊಡೆತಗಳೇ ಮುಂದೆ ಸಾವಿರ ಹಾಡುಗಳಲ್ಲಿ ನುಡಿದು ಅವನ ಕೆಲಸವನ್ನು ಕಸಿದುಕೊಂಡರೆ, ಅದು ಹಳೆಯ ಬಿಟ್ಟಿಯ ಹೊಸ ವೇಷವೇ ಆಗುವದು. ೧೯೫೭ರ ಕೃತಿಸ್ವಾಮ್ಯದ ಕಾಯದೆಗೆ ೧೯೯೪ರಲ್ಲಿ ಮಾಡಿದ ತಿದ್ದುಪಡಿಯು ಪ್ರದರ್ಶಕರ ಹಕ್ಕನ್ನು ಮನ್ನಿಸಿದೆ. ಆದರೆ ಹಳ್ಳಿಯ ವಾದಕನಿಗೆ ಅದನ್ನು ತಿಳಿಸಿಹೇಳುವವರು ಬೇಕು.

ಆದುದರಿಂದ ಜಿಲ್ಲೆಯ ಸಾಹಿತ್ಯಸಂಘಗಳೂ ಕಾಲೇಜುಗಳೂ ಯಂತ್ರವನ್ನು ಬಲ್ಲ ತರುಣರೂ ಕೂಡಿ ಮಾಡತಕ್ಕ ಕೆಲಸವೊಂದಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ವಾದ್ಯಗಳನ್ನು ಒಂದೊಂದಾಗಿ, ಹೊಡೆತಹೊಡೆತವಾಗಿ ಮುದ್ರಿಸಬೇಕು. ತುಣುಕುಗಳ ಜೊತೆಗೆ ಇಡಿಯ ಮಟ್ಟುಗಳನ್ನೂ ಮುದ್ರಿಸಬೇಕು; ಇಲ್ಲವಾದರೆ ಅಕ್ಷರಗಳು ಉಳಿದು ಭಾಷೆ ಮರೆತಂತಾದೀತು. ಒಂದೊಂದು ಹೊಡೆತಕ್ಕೂ ವಾದಕರು ಆಡುವ ಹೆಸರನ್ನೇ ಬರೆದಿಡಬೇಕು. ಮರ ಯಾವದು, ತೊಗಲು ಯಾವದು, ಬಿಗಿದವರು ಯಾರು ಎಂಬುದನ್ನು ಗುರುತಿಸಬೇಕು. ವಾದಕರ ಹೆಸರನ್ನು ಅವರ ಒಪ್ಪಿಗೆಯಿಂದ ಮುದ್ರಿಕೆಯ ಮೇಲೆ ನಮೂದಿಸಿ, ಗೌರವಧನವನ್ನೂ ಮುಂದಿನ ಆದಾಯದಲ್ಲಿ ಪಾಲನ್ನೂ ಬರಹದಲ್ಲಿ ಕೊಡಬೇಕು. ಮನೆಯಲ್ಲಿ ಹಾಡು ಮುದ್ರಿಸುವ ತರುಣನೂ ಹತ್ತು ಹಾಡುಗಳಲ್ಲಿ ಒಂದಕ್ಕಾದರೂ ನಿಜವಾದ ವಾದಕನನ್ನು ಕರೆದು ಕೂಡಿಸಬೇಕು. ಒಂದು ಮೈಕು ಇಬ್ಬರಿಗೂ ಸಾಕು. ನೆರಳನ್ನು ಬಳಸುವವನಿಗೆ ವಸ್ತುವಿನ ಪರಿಚಯವಿದ್ದರೆ ನೆರಳಿಗೂ ಜೀವ ಬರುವದು.

ಶಾರ್ಙ್ಗದೇವನು ಕರಟೆಯನ್ನು ಗ್ರಂಥದಲ್ಲಿಟ್ಟನು. ಅದರ ನಾದವನ್ನಿಡಲು ಅವನಿಗೆ ಸಾಧನವಿರಲಿಲ್ಲ. ಹಲಸಂಗಿ, ಬೆಟಗೇರಿಗಳ ಹಿರಿಯರು ಹಾಡಿನ ಮಾತನ್ನಿಟ್ಟರು, ಅವರಿಗೂ ಸಾಧನವಿರಲಿಲ್ಲ. ನಮ್ಮ ಕೈಯಲ್ಲಿ ಆ ಸಾಧನವಿದೆ, ಮನೆಮನೆಯಲ್ಲಿಯೂ ಇದೆ. ಬಲ್ಲ ವಾದಕರು ಇನ್ನೂ ನಮ್ಮ ನಡುವೆ ಇದ್ದಾರೆ. ಎರಡೂ ಒಂದೇ ಕಾಲದಲ್ಲಿ ಕೂಡಿಬಂದಿರುವ ಈ ಅವಧಿಯು ದೀರ್ಘವಾದುದಲ್ಲ. ಇದನ್ನು ನಮ್ಮ ಸೀಮೆಯ ವಿದ್ಯಾವಂತ ಕುಟುಂಬಗಳು ಮನಗಂಡು, ಬರುವ ಜಾತ್ರೆಯ ಹಂಗಾಮಿನಲ್ಲಿಯೇ ಕೆಲಸಕ್ಕೆ ಕೈಹಚ್ಚಲೆಂದು ಹಾರೈಸುತ್ತೇವೆ.